ಅಮೆರಿಕದ ಉಕ್ಕಿಗೂ ಅಣ್ಣಿಗೇರಿ ಕಡ್ಲಿಗೂ ಏನ್ರೀ ಸಂಬಂಧ?

ದೇಶದ ಭದ್ರತೆ ಹೆಸರಿನಾಗ ಲೋಹದ ಮ್ಯಾಲೆ ಬೀಳೋ ಸುಂಕ ನವಲಗುಂದ, ಕುಂದಗೋಳ, ಕಲಘಟಗಿ ರೈತರ ಮನಿ ಲೆಕ್ಕಕ್ಕ ಬರೋದು ಹೆಂಗ? ಒಂದು ವಿಶ್ಲೇಷಣೆ

ಅಣ್ಣಿಗೇರಿ: ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಎರೆಹೊಲದಾಗ ಈಗ ಕಡ್ಲಿ ರಾಶಿಯ ಹೊತ್ತು. ಮುಂಗಾರಿನ ಹೆಸರು ಮಳೆಗೆ ಸಿಕ್ಕು ಕೈಕೊಟ್ಟ ಮೇಲೆ ಬಹಳಷ್ಟು ಮನೆಗಳ ವರ್ಷದ ಲೆಕ್ಕ ನಿಂತಿರುವುದು ಈ ಹಿಂಗಾರಿ ಬೆಳೆಯ ಮೇಲೆ. ಮಗಳ ಮದುವೆ, ಸೊಸೈಟಿ ಸಾಲ, ಟ್ರ್ಯಾಕ್ಟರ್ ಕಂತು ಎಲ್ಲದಕ್ಕೂ ಉತ್ತರ ಕಡ್ಲಿ ಚೀಲದಾಗೇ ಸಿಗಬೇಕು.

ಇದೇ ಹೊತ್ತಿಗೆ ದಿಲ್ಲಿ ಮತ್ತು ವಾಷಿಂಗ್ಟನ್ ನಡುವೆ ಇನ್ನೊಂದು ಲೆಕ್ಕ ನಡೆದಿದೆ. 2026ರ ಫೆಬ್ರುವರಿ ಮೊದಲ ವಾರ ಎರಡೂ ಸರ್ಕಾರಗಳು ಮಧ್ಯಂತರ ವ್ಯಾಪಾರ ಒಪ್ಪಂದದ ಚೌಕಟ್ಟು ಪ್ರಕಟಿಸಿದವು. ಭಾರತದ ಸರಕಿನ ಮೇಲೆ ಅಮೆರಿಕ ಹಾಕಿದ್ದ ಸುಂಕ ಶೇ 18ಕ್ಕೆ ಇಳಿಯುತ್ತದೆ ಎಂಬ ಸುದ್ದಿ ದೊಡ್ಡದಾಗಿ ಬಂತು. ಅದರ ಬೆನ್ನಿಗೇ ಶ್ವೇತಭವನ ಹೊರಡಿಸಿದ ಟಿಪ್ಪಣಿಯಲ್ಲಿ, ಭಾರತ ಸುಂಕ ಇಳಿಸಲಿರುವ ಪದಾರ್ಥಗಳ ಸಾಲಿನಲ್ಲಿ 'ಕೆಲವು ಬೇಳೆಕಾಳು' ಎಂಬ ಎರಡು ಪದ ಇದ್ದವು. ಗದ್ದಲ ಆಯಿತು. ಸ್ವಲ್ಪ ಹೊತ್ತಿನಲ್ಲೇ ಟಿಪ್ಪಣಿ ತಿದ್ದಿ, ಆ ಎರಡು ಪದ ತೆಗೆದುಹಾಕಿದರು.

ಇಷ್ಟೆಲ್ಲ ಕೊಡುಕೊಳ್ಳುವಿಕೆಯಲ್ಲಿ ಜಗ್ಗದೇ ಉಳಿದದ್ದು ಒಂದು: ಭಾರತದ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲಿನ ಶೇ 50ರ ಸುಂಕ. ವಿಮಾನದ ಬಿಡಿಭಾಗ, ವಾಹನದ ಬಿಡಿಭಾಗಗಳಿಗೆ ಒಂದಿಷ್ಟು ರಿಯಾಯಿತಿಯ ಮಾತು ಬಂದಿದೆ. ಉಕ್ಕಿಗೆ ಬಂದಿಲ್ಲ. ಕಾರಣ, ಅದು ಬರೀ ವ್ಯಾಪಾರದ ಸುಂಕ ಅಲ್ಲ, 'ರಾಷ್ಟ್ರೀಯ ಭದ್ರತೆ'ಯ ಸುಂಕ ಎಂಬುದು ಅಮೆರಿಕದ ವಾದ.

ಉಕ್ಕು ಎಲ್ಲೆ, ಕಡ್ಲಿ ಎಲ್ಲೆ ಅನ್ನಿಸಬಹುದು. ಆದರೆ ಇವೆರಡೂ ಒಂದೇ ಕಾಗದದ ಮೇಲೆ ಬಂದದ್ದು ಇದೇ ಮೊದಲಲ್ಲ.

ಭದ್ರತೆ ಎಂಬ ಬಾಗಿಲು

ಅಮೆರಿಕದಲ್ಲಿ 1962ರ ವ್ಯಾಪಾರ ವಿಸ್ತರಣೆ ಕಾಯ್ದೆ ಎಂಬುದಿದೆ. ಅದರ 232ನೇ ಸೆಕ್ಷನ್ ಪ್ರಕಾರ, ಯಾವುದೇ ಆಮದು ದೇಶದ ಭದ್ರತೆಗೆ ಧಕ್ಕೆ ತರುತ್ತಿದೆ ಎಂದು ಅಲ್ಲಿನ ವಾಣಿಜ್ಯ ಇಲಾಖೆ ತನಿಖೆ ಮಾಡಿ ವರದಿ ಕೊಟ್ಟರೆ, ಅಧ್ಯಕ್ಷರು ಸಂಸತ್ತಿನ ಮತಕ್ಕೆ ಹಾಕದೆಯೇ ಸುಂಕ ಏರಿಸಬಹುದು. ಡೊನಾಲ್ಡ್ ಟ್ರಂಪ್ 2018ರ ಮಾರ್ಚ್‌ನಲ್ಲಿ ಇದೇ ಬಾಗಿಲಿನಿಂದ ಬಂದು ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10 ಸುಂಕ ಹಾಕಿದರು. ಎರಡನೇ ಸಲ ಅಧಿಕಾರಕ್ಕೆ ಬಂದ ಮೇಲೆ 2025ರ ಮಾರ್ಚ್ 12ರಿಂದ ಎರಡಕ್ಕೂ ಶೇ 25 ಆಯಿತು. ಜೂನ್ 4ರಿಂದ ಶೇ 50. ಆಗಸ್ಟ್‌ನಲ್ಲಿ ತಾಮ್ರದ ಸಾಮಾನೂ ಸೇರಿತು.

ವಾದ ಸರಳ. ಯುದ್ಧ ಬಂದರೆ ಹಡಗು, ಟ್ಯಾಂಕು, ಗುಂಡು ಎಲ್ಲದಕ್ಕೂ ಉಕ್ಕು ಬೇಕು. ಸೋವಿ ಉಕ್ಕು ಹೊರಗಿನಿಂದ ಬಂದು ದೇಶದ ಕಾರ್ಖಾನೆಗಳು ಮುಚ್ಚಿದರೆ ಆ ಹೊತ್ತಿಗೆ ಯಾರ ಮನೆ ಬಾಗಿಲು ಬಡಿಯಬೇಕು? ಕೇಳಲಿಕ್ಕೆ ಖರೇನೇ ಅನ್ನಿಸುತ್ತದೆ. ಆದರೆ 2018ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಮ್ಯಾಟಿಸ್ ಅವರೇ ವಾಣಿಜ್ಯ ಇಲಾಖೆಗೆ ಬರೆದ ಟಿಪ್ಪಣಿಯಲ್ಲಿ, ಸೇನೆಗೆ ಬೇಕಾಗುವುದು ದೇಶದ ಉಕ್ಕು ಮತ್ತು ಅಲ್ಯೂಮಿನಿಯಂ ಉತ್ಪಾದನೆಯ ಸುಮಾರು ಶೇ 3 ಮಾತ್ರ ಎಂದು ಹೇಳಿದ್ದರು. ಮಿತ್ರದೇಶ ಕೆನಡಾದ ಲೋಹವೂ ಭದ್ರತೆಗೆ ಅಪಾಯ ಎಂಬ ಪಟ್ಟಿಗೆ ಬಿತ್ತು.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಲ್ಲೂ ಭದ್ರತೆಯ ವಿನಾಯಿತಿ ಇದೆ. ಯುದ್ಧ ಅಥವಾ ಅಂಥದೇ ಅಂತರರಾಷ್ಟ್ರೀಯ ತುರ್ತು ಇದ್ದಾಗ ದೇಶವೊಂದು ತನ್ನ ರಕ್ಷಣೆಗೆ ಬೇಕಾದ ಕ್ರಮ ಕೈಗೊಳ್ಳಬಹುದು. ಚೀನಾ, ನಾರ್ವೆ, ಸ್ವಿಟ್ಜರ್ಲೆಂಡ್, ಟರ್ಕಿ ಹೂಡಿದ ದೂರುಗಳ ಮೇಲೆ 2022ರ ಡಿಸೆಂಬರ್‌ನಲ್ಲಿ ಸಂಸ್ಥೆಯ ಸಮಿತಿ ತೀರ್ಪು ಕೊಟ್ಟು, 2018ರಲ್ಲಿ ಅಂಥ ತುರ್ತು ಇರಲಿಲ್ಲ ಎಂದಿತು. ನಮ್ಮ ಭದ್ರತೆ ನಾವು ನೋಡ್ಕೋತೀವಿ, ನೀವ್ಯಾರು ಕೇಳಲಿಕ್ಕೆ ಎಂಬ ಧಾಟಿಯಲ್ಲಿ ಅಮೆರಿಕ ಅದನ್ನು ತಳ್ಳಿಹಾಕಿತು. ಮೇಲ್ಮನವಿ ಕೇಳಬೇಕಾದ ಪೀಠ 2019ರ ಕೊನೆಯಿಂದಲೇ ಸ್ಥಗಿತ. ಹಾಗಾಗಿ ತೀರ್ಪು ಕಾಗದದಲ್ಲೇ ಉಳಿಯಿತು.

ಭದ್ರತೆ ಎಂಬ ಪದದ ಬಲ ಇಲ್ಲಿದೆ. ವ್ಯಾಪಾರದ ಮಾತಾದರೆ ಲೆಕ್ಕ ಕೇಳಬಹುದು, ಚೌಕಾಶಿ ಮಾಡಬಹುದು. ಭದ್ರತೆ ಅಂದ ಕೂಡಲೇ ಪ್ರಶ್ನೆ ಕೇಳುವವನೇ ಸಣ್ಣವನಾಗುತ್ತಾನೆ.

ಉಕ್ಕಿನ ಜಗಳಕ್ಕೆ ಕಡ್ಲಿಯ ಉತ್ತರ

2018ರ ಉಕ್ಕಿನ ಸುಂಕಕ್ಕೆ ಭಾರತ ಕೊಟ್ಟ ಉತ್ತರ ನಮ್ಮ ಭಾಗದವರಿಗೆ ಗೊತ್ತಿರಬೇಕಾದದ್ದು. ಅದೇ ವರ್ಷ ಜೂನ್‌ನಲ್ಲಿ ಪ್ರತೀಕಾರದ ಸುಂಕದ ಪಟ್ಟಿ ಸಿದ್ಧವಾಯಿತು. ಹಲವು ಸಲ ಮುಂದೂಡಿ, ಅಮೆರಿಕ ಭಾರತಕ್ಕಿದ್ದ ಜಿಎಸ್‌ಪಿ ರಿಯಾಯಿತಿ ಕಿತ್ತುಕೊಂಡ ಮೇಲೆ, 2019ರ ಜೂನ್ 16ರಿಂದ 28 ಪದಾರ್ಥಗಳ ಮೇಲೆ ಜಾರಿ ಮಾಡಿದರು. ಪಟ್ಟಿಯಲ್ಲಿ ಬಾದಾಮಿ, ಅಕ್ರೋಟು, ಸೇಬು, ಚೆನ್ನಂಗಿ ಬೇಳೆ ಇದ್ದವು. ಕಡಲೆಯೂ ಇತ್ತು. ಅಮೆರಿಕದ ಕಡಲೆಗೆ ಶೇ 10 ಹೆಚ್ಚುವರಿ ಸುಂಕ, ಚೆನ್ನಂಗಿಗೆ ಶೇ 20.

ಅಂದರೆ ತೋರಣಗಲ್ಲಿನಂಥ ಊರಿನ ಉಕ್ಕಿಗೆ ಪೆಟ್ಟು ಬಿದ್ದಾಗ ದಿಲ್ಲಿ ತಿರುಗಿ ಎಸೆದ ಕಲ್ಲುಗಳಲ್ಲಿ ಕಡ್ಲಿಯೂ ಒಂದು. ಕಾರಣ ರಾಜಕೀಯದ್ದು. ಅಮೆರಿಕದಲ್ಲಿ ಸೇಬು, ಬಾದಾಮಿ, ಕಾಳು ಬೆಳೆಯುವ ರಾಜ್ಯಗಳ ರೈತರು ತಮ್ಮ ಸಂಸದರ ಬಾಗಿಲಿಗೆ ಹೋಗಿ ಕೂಗಾಡಲಿ ಎಂಬುದು ಇಂಥ ಪಟ್ಟಿಗಳ ಲೆಕ್ಕ. ಉಕ್ಕಿನ ಜಗಳವನ್ನು ರೈತರ ಹೆಗಲ ಮೇಲೆ ಇಟ್ಟು ತೂಗುವುದು ಎರಡೂ ಕಡೆಯ ಪದ್ಧತಿ. ಚೀನಾ ತಿರುಗಿಬಿದ್ದಾಗ ಅಮೆರಿಕದ ಸೋಯಾ ರೈತರು ಮಾರುಕಟ್ಟೆ ಕಳೆದುಕೊಂಡರು. ಆದರೆ ಅಲ್ಲಿನ ಸರ್ಕಾರ 2018 ಮತ್ತು 2019ರಲ್ಲಿ ಎರಡು ಕಂತಿನಲ್ಲಿ ಒಟ್ಟು 28 ಶತಕೋಟಿ ಡಾಲರ್ ವರೆಗಿನ ಪರಿಹಾರ ಘೋಷಿಸಿ ಅವರ ಕೈ ಹಿಡಿಯಿತು.

ಪ್ರತೀಕಾರದಿಂದ ನವಲಗುಂದ, ಅಣ್ಣಿಗೇರಿಗೆ ಲಾಭ ಆಯಿತೇ? ಹೆಚ್ಚೇನೂ ಇಲ್ಲ. ಅಮೆರಿಕ ಬೆಳೆಯುವುದು ಬಹುತೇಕ ಬಿಳಿ ಕಾಬೂಲಿ ಕಡಲೆ. ನಮ್ಮ ಎರೆಹೊಲದ್ದು ದೇಸಿ ಕಡ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಣ್ಣಿಗೇರಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ 'ಅಣ್ಣಿಗೇರಿ-1' ತಳಿ ದಶಕಗಳ ಕಾಲ ರಾಜ್ಯದಾಚೆಗೂ ಬಿತ್ತನೆಯಾದದ್ದು ಇದೇ ಜಾತಿಯದು. ಇದಕ್ಕೆ ಎದುರಾಗಿ ಬರುವ ಕಡಲೆ ಹೆಚ್ಚಾಗಿ ಆಸ್ಟ್ರೇಲಿಯಾ ಮತ್ತು ಆಫ್ರಿಕಾದ ತಾಂಜಾನಿಯಾದ್ದು. ಆಸ್ಟ್ರೇಲಿಯಾದ ಮಾಲನ್ನು ತಡೆದದ್ದು ಬೇರೆ ಗೋಡೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕಡಲೆಗೆ ಹಾಕಿದ್ದ ಶೇ 60ರ ಆಮದು ಸುಂಕ.

2023ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಮೆರಿಕಕ್ಕೆ ಹೋದಾಗ ಎರಡೂ ದೇಶ ರಾಜಿಯಾದವು. ಉಕ್ಕಿನ ಸುಂಕದಿಂದ ವಿನಾಯಿತಿ ಕೇಳುವ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಒಪ್ಪಿಗೆ ಕೊಡುವುದಾಗಿ ಅಮೆರಿಕ ಹೇಳಿತು. ಭಾರತ ಸೆಪ್ಟೆಂಬರ್‌ನಲ್ಲಿ ಕಡಲೆ, ಚೆನ್ನಂಗಿ, ಸೇಬು, ಬಾದಾಮಿ, ಅಕ್ರೋಟಿನ ಮೇಲಿನ ಹೆಚ್ಚುವರಿ ಸುಂಕ ತೆಗೆಯಿತು. ಎರಡು ವರ್ಷ ತುಂಬುವ ಮೊದಲೇ ಉಕ್ಕಿನ ಸುಂಕ ಮೊದಲಿನ ಎರಡು ಪಟ್ಟಾಗಿ ತಿರುಗಿ ಬಂತು. ಕಡ್ಲಿ ಮೇಲೆ ಕೊಟ್ಟ ರಿಯಾಯಿತಿ ತಿರುಗಿ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಭಾರತ ಮತ್ತೆ ಪ್ರತೀಕಾರದ ಹಕ್ಕು ನಮಗಿದೆ ಎಂದು ವಿಶ್ವ ವ್ಯಾಪಾರ ಸಂಸ್ಥೆಗೆ ಪತ್ರ ಕೊಟ್ಟಿತು. ಇದು ಭದ್ರತೆಯ ವಿಷಯ, ಪ್ರತೀಕಾರದ ಪ್ರಶ್ನೆಯೇ ಬರುವುದಿಲ್ಲ ಎಂದು ಅಮೆರಿಕ ಉತ್ತರಿಸಿತು. ಮಾತು ಅಲ್ಲಿಗೇ ನಿಂತಿದೆ.

ನಮ್ಮ ದೇಶವೂ ಕಟ್ಟಿದ ಗೋಡೆ

ಅಮೆರಿಕವನ್ನಷ್ಟೇ ದೂರಿದರೆ ಅರ್ಧ ಕಥೆ ಆಗುತ್ತದೆ. ಉಕ್ಕಿಗೆ ಬೇಲಿ ಹಾಕುವ ಕೆಲಸ ನಮ್ಮಲ್ಲೂ ನಡೆದಿದೆ.

ಚೀನಾ ತನಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಉಕ್ಕು ತಯಾರಿಸುತ್ತದೆ. ಅಮೆರಿಕ, ಯುರೋಪಿನ ಬಾಗಿಲು ಮುಚ್ಚಿದಾಗ ಆ ಮಾಲು ಬೇರೆ ಕಡೆ ಹರಿಯುತ್ತದೆ. 2024–25ರಲ್ಲಿ ಭಾರತಕ್ಕೆ ಬಂದ ಸಿದ್ಧ ಉಕ್ಕು ಸುಮಾರು 95 ಲಕ್ಷ ಟನ್, ಒಂಬತ್ತು ವರ್ಷಗಳಲ್ಲೇ ಹೆಚ್ಚು. ದೊಡ್ಡ ಕಂಪನಿಗಳ ಸಂಘ ದೂರು ಕೊಟ್ಟಿತು. ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ ತನಿಖೆ ಮಾಡಿತು. 2025ರ ಏಪ್ರಿಲ್ 21ರಿಂದ 200 ದಿನಗಳಿಗೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕ ಬಂತು. ವರ್ಷದ ಕೊನೆಯಲ್ಲಿ ಅದನ್ನು ಮೂರು ವರ್ಷಕ್ಕೆ ಗಟ್ಟಿ ಮಾಡಿದರು: ಮೊದಲ ವರ್ಷ ಶೇ 12, ಎರಡನೇ ವರ್ಷ ಶೇ 11.5, ಮೂರನೇ ವರ್ಷ ಶೇ 11. ಇದು ಮೊದಲಿಂದ ಇದ್ದ ಶೇ 7.5ರ ಆಮದು ಸುಂಕದ ಮೇಲೆ ಬೀಳುವುದು.

ಇಲ್ಲಿ ಒಂದು ಫರಕು ಗಮನಿಸಬೇಕು. ಭಾರತ ಇದನ್ನು 'ಭದ್ರತೆ' ಎಂದು ಕರೆದಿಲ್ಲ. ಆಮದು ಒಮ್ಮೆಲೇ ಉಕ್ಕಿ ಬಂದಾಗ ದೇಶಿ ಉದ್ಯಮಕ್ಕೆ ಉಸಿರಾಡಲು ಸಮಯ ಕೊಡುವ ಕಾನೂನು ಇದು. ತನಿಖೆ, ಅಹವಾಲು, ವರ್ಷದಿಂದ ವರ್ಷಕ್ಕೆ ಇಳಿಯುವ ದರ, ಮುಗಿಯುವ ದಿನ ಎಲ್ಲ ಬರೆದಿಟ್ಟಿದ್ದಾರೆ. ಆಮದು ಬೆಲೆ ಒಂದು ಮಟ್ಟ ದಾಟಿದರೆ ಸುಂಕವೇ ಬೀಳುವುದಿಲ್ಲ. ಹಾಟ್ ರೋಲ್ಡ್ ಕಾಯಿಲ್‌ಗೆ ಆ ಮಟ್ಟ ಟನ್ನಿಗೆ 675 ಡಾಲರ್. ಉದಾಹರಣೆಗೆ 600 ಡಾಲರ್ ದರದ ಒಂದು ಟನ್ ಕಾಯಿಲ್ ಬಂದರೆ ರಕ್ಷಣಾ ಸುಂಕ 72 ಡಾಲರ್. 680 ಡಾಲರ್‌ನದು ಬಂದರೆ ಸೊನ್ನೆ.

ಇನ್ನೊಂದು ಮಾತು, ಮನೆ ಕಟ್ಟುವವರಿಗೆ ಬೇಕಾದದ್ದು: ಈ ಸುಂಕ ಪ್ಲೇಟು, ಶೀಟು, ಕಾಯಿಲ್, ಲೇಪನ ಮಾಡಿದ ತಗಡಿನಂಥ ಚಪ್ಪಟೆ ಉಕ್ಕಿಗೆ ಮಾತ್ರ. ಸ್ಲ್ಯಾಬಿಗೆ ಹಾಕುವ ಟಿಎಂಟಿ ಸರಳು ಇದರಲ್ಲಿ ಬರುವುದಿಲ್ಲ. ಸುಂಕ ಬಂತು ಅಂತ ಹೇಳಿ ಯಾರಾದರೂ ಸರಳಿನ ದರ ಏರಿಸಿದರೆ, ಅದಕ್ಕೆ ಕಾರಣ ಬೇರೆ ಇರಬೇಕು.

ಕರ್ನಾಟಕದ ಮಟ್ಟಿಗೆ ಈ ಗೋಡೆಯಿಂದ ಲಾಭವೂ ಇದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಕಾರ್ಖಾನೆ ದೇಶದ ಅತಿ ದೊಡ್ಡ ಉಕ್ಕು ಘಟಕಗಳಲ್ಲಿ ಒಂದು. ಅದರ ಸುತ್ತ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಆದರೆ 'ಸ್ವಾವಲಂಬನೆ' ಎಂಬ ಮಾತು ಎಷ್ಟು ದೂರ ಹೋಗುತ್ತದೆ ಎಂದು ನೋಡಬೇಕಾದರೆ ಅಣ್ಣಿಗೇರಿ ರೈಲು ನಿಲ್ದಾಣದಾಗ ಒಂದು ತಾಸು ನಿಂತರೆ ಸಾಕು. ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದ ವಿದೇಶಿ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳು ಹುಬ್ಬಳ್ಳಿ, ಅಣ್ಣಿಗೇರಿ, ಗದಗ ದಾಟಿ ತೋರಣಗಲ್ಲಿನ ಕಡೆ ಹೋಗುವುದು ಇದೇ ಹಳಿಯ ಮೇಲೆ. ಉಕ್ಕು ಕಾಯಿಸಲು ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ದೇಶಕ್ಕೆ ಹೊರಗಿನಿಂದಲೇ ಬರಬೇಕು. ಅದಿರು ನಮ್ಮದು, ಬೆವರು ನಮ್ಮದು, ಬೆಂಕಿ ಆಸ್ಟ್ರೇಲಿಯಾದ್ದು.

ಕುಲುಮೆಯಿಂದ ಲೇಥ್ ತನಕ

ಹಾಗಾದರೆ ಹಳ್ಳಿಯ ಲೆಕ್ಕ ಏನು? ಕಂಬಾರರ ಕುಲುಮೆಗೆ ಈ ಸುಂಕ ನೇರವಾಗಿ ತಟ್ಟುವುದು ಕಡಿಮೆ. ಕುಡಗೋಲು, ಕುರ್ಪಿ, ಕೊಡ್ಲಿಗೆ ಹಳೇ ಲಾರಿ ಪಾಟಾ, ಗುಜರಿ ಕಬ್ಬಿಣವೇ ಹೆಚ್ಚು ಬಳಕೆ. ಗುಜರಿ ದರ ಹೊಸ ಉಕ್ಕಿನ ದರದ ಹಿಂದೆ ಹಿಂದೆ ಹೋಗುತ್ತದೆ, ಅಷ್ಟೇ.

ನೇರವಾಗಿ ತಟ್ಟುವುದು ತಗಡು, ಪ್ಲೇಟು ಕತ್ತರಿಸಿ ಬೆಸೆಯುವವರಿಗೆ. ಟ್ರೇಲರ್, ಕಬ್ಬಿಣದ ಕುಂಟಿ, ಟ್ರ್ಯಾಕ್ಟರ್ ಕೂರಿಗೆ, ನೀರಿನ ಟ್ಯಾಂಕರ್, ದನದ ಕೊಟ್ಟಿಗೆಯ ಮೇಲಿನ ತಗಡು, ಹಗೇವು ಹೋಗಿ ಬಂದ ಕಬ್ಬಿಣದ ಕಣಜ ಎಲ್ಲವೂ ಚಪ್ಪಟೆ ಉಕ್ಕಿನ ಮಕ್ಕಳೇ. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯವರು ವಿದೇಶಿ ಉಕ್ಕು ಕೊಳ್ಳದಿರಬಹುದು. ಆದರೆ ಆಮದು ಮಾಲು ತುಟ್ಟಿಯಾದರೆ ದೇಶಿ ಕಂಪನಿಗೆ ದರ ಏರಿಸಲು ಜಾಗ ಸಿಗುತ್ತದೆ. ಸುಂಕದ ಕೆಲಸವೇ ಅದು. ಹಾಗಂತ ಏರುವ ಪ್ರತಿ ರೂಪಾಯಿಯೂ ಸುಂಕದ್ದೇ ಅಲ್ಲ. ತಾತ್ಕಾಲಿಕ ಸುಂಕ ಬಂದ ಹೊಸದರಲ್ಲಿ ಏರಿದ ದೇಶಿ ದರ, ಬೇಡಿಕೆ ಕುಂದಿದ್ದರಿಂದ 2025ರ ಕೊನೆಗೆ ಮತ್ತೆ ಇಳಿದಿತ್ತು.

ಇದರ ಜೊತೆ ಇನ್ನೊಂದು ಲೆಕ್ಕ ಕೂಡಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಕೃಷಿ ಸಲಕರಣೆಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೊಳ್ಳುವ ರೈತನಿಗೆ ಇದು ಖರೇ ಉಳಿತಾಯ. ಆದರೆ ಉಕ್ಕಿನ ಮೇಲಿನ ಜಿಎಸ್‌ಟಿ ಶೇ 18 ಹಾಗೇ ಇದೆ. ಕಚ್ಚಾ ಮಾಲಿಗೆ ಹೆಚ್ಚು ತೆರಿಗೆ ಕಟ್ಟಿ, ಸಿದ್ಧ ಸಲಕರಣೆಗೆ ಕಡಿಮೆ ತೆರಿಗೆ ವಸೂಲು ಮಾಡುವ ಸಣ್ಣ ತಯಾರಕರ ದುಡ್ಡು ಮರುಪಾವತಿ ಬರುವ ತನಕ ಸಿಕ್ಕಿಬೀಳುತ್ತದೆ. ದೊಡ್ಡ ಕಂಪನಿಗೆ ಅದು ಕಾಗದದ ಕೆಲಸ, ಸಣ್ಣವರಿಗೆ ತಿಂಗಳ ಪಗಾರದ ಪ್ರಶ್ನೆ.

ಕುಂದಗೋಳ, ಕಲಘಟಗಿ ಕಡೆಯಿಂದ ಬಸ್ಸು, ರೈಲು ಹಿಡಿದು ದಿನಾ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಗಾಮನಗಟ್ಟಿ ಕೈಗಾರಿಕಾ ವಸಾಹತುಗಳಿಗೆ ಹೋಗುವ ಹುಡುಗರಿಗೂ ಈ ಸುಂಕ ಎರಡು ಕಡೆಯಿಂದ ತಾಗುತ್ತದೆ. ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಗಳು, ಬೆಳಗಾವಿಯ ಫೌಂಡ್ರಿಗಳು ಲೋಹ ಕೊಂಡು ಸಾಮಾನು ಮಾಡಿ ಮಾರುವವು. ಇಲ್ಲಿ ಉಕ್ಕು ತುಟ್ಟಿಯಾದರೆ ಕೊಳ್ಳುವ ಖರ್ಚು ಏರುತ್ತದೆ. ಅಲ್ಲಿ ಅಮೆರಿಕ ಬಾಗಿಲು ಮುಚ್ಚಿದರೆ ಮಾರುವ ದಾರಿ ಕಿರಿದಾಗುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಉಕ್ಕು, ಅಲ್ಯೂಮಿನಿಯಂನಿಂದ ತಯಾರಾದ ಇನ್ನೂ 407 ಬಗೆಯ ಸಾಮಾನುಗಳನ್ನು ಶೇ 50ರ ಪಟ್ಟಿಗೆ ಸೇರಿಸಿತು. ಬರೀ ಉಕ್ಕಿನ ಗಟ್ಟಿಗೆ ಇದ್ದ 'ಭದ್ರತೆ' ಯಂತ್ರದ ಬಿಡಿಭಾಗದ ತನಕ ಬೆಳೆಯಿತು.

ಉಕ್ಕಿಗೆ ಮೂರು ವರ್ಷ, ಕಡ್ಲಿಗೆ ಮೂರು ತಿಂಗಳು

ಈಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕು.

ಉಕ್ಕಿಗೆ ಮೂರು ವರ್ಷದ ಗೋಡೆ, ಪ್ರತಿ ವರ್ಷ ಎಷ್ಟು ಎತ್ತರ ಎಂಬ ಅಳತೆಯ ಸಮೇತ. ಕಡಲೆಗೆ? 2018ರಲ್ಲಿ ಶೇ 60 ಇದ್ದ ಆಮದು ಸುಂಕ, ಬೇಳೆ ದರ ಏರಿದಾಗ, 2024ರ ಮೇ ತಿಂಗಳಲ್ಲಿ ಸೊನ್ನೆಗೆ ಇಳಿಯಿತು. 2025ರ ಏಪ್ರಿಲ್ 1ರಿಂದ ಶೇ 10 ಆಯಿತು. ಇದಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಹಳದಿ ಬಟಾಣಿಯಿಂದ. ಕೆನಡಾ, ರಷ್ಯಾದಿಂದ ಬರುವ ಈ ಕಾಳು ಕಡಲೆಗಿಂತ ಬಹಳ ಸೋವಿ. ಬೇಳೆಯಾಗಿ, ಹಿಟ್ಟಾಗಿ ಕಡಲೆಯ ಜಾಗಕ್ಕೆ ಬಂದು ಕೂರುತ್ತದೆ. 2023ರ ಡಿಸೆಂಬರ್‌ನಲ್ಲಿ ಅದನ್ನು ಸುಂಕವಿಲ್ಲದೆ ಬಿಟ್ಟರು. ಮೊದಲು ಕೆಲವು ತಿಂಗಳಿಗೆ ಅಂದರು. ಆಮೇಲೆ ಮತ್ತೆ ಮತ್ತೆ ಮುಂದುವರಿಸಿದರು. 2024–25ರಲ್ಲಿ ದೇಶಕ್ಕೆ ಬಂದ ಒಟ್ಟು ಬೇಳೆಕಾಳು 70 ಲಕ್ಷ ಟನ್‌ಗೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಹಳದಿ ಬಟಾಣಿ. ಕೊನೆಗೆ 2025ರ ನವೆಂಬರ್ 1ರಿಂದ ಶೇ 30 ಸುಂಕ ಹಾಕಿದರು. ಅಷ್ಟು ಹೊತ್ತಿಗೆ ಹಿಂಗಾರಿ ಬಿತ್ತನೆ ನಡೆದಿತ್ತು, ಬಂದರಿನ ಗೋದಾಮಿಗೆ ಮಾಲು ಬಂದು ಬಿದ್ದಿತ್ತು.

ಬಿತ್ತುವ ದಿನ ಇರುವ ನಿಯಮ ರಾಶಿ ಮಾಡುವ ದಿನ ಇರುತ್ತದೆಯೇ ಎಂದು ರೈತನಿಗೆ ಗೊತ್ತಿಲ್ಲ. ಕಡ್ಲಿ ಬೆಳೆಯಲಿಕ್ಕೆ ಮೂರೂವರೆ ತಿಂಗಳು ಬೇಕು. ಅಧಿಸೂಚನೆ ಬದಲಾಗಲು ಒಂದು ರಾತ್ರಿ ಸಾಕು.

ಸರ್ಕಾರಕ್ಕೂ ಅದರದ್ದೇ ಕಷ್ಟ ಇದೆ, ಅದನ್ನೂ ಹೇಳಬೇಕು. ಬೇಳೆ ದರ ಏರಿದರೆ ಪೇಟೆಯವರಷ್ಟೇ ಅಲ್ಲ, ಇದೇ ತಾಲ್ಲೂಕುಗಳ ಕೂಲಿಕಾರರ ಮನೆಯ ಸಾರೂ ತಿಳುವಾಗುತ್ತದೆ. ಎಲ್ಲ ಕಾಲಕ್ಕೂ ಶೇ 60ರ ಗೋಡೆ ಇರಲಿ ಎಂಬುದು ನ್ಯಾಯದ ಬೇಡಿಕೆ ಆಗಲಾರದು. ಆದರೆ ಉಕ್ಕಿಗೆ ಆದದ್ದು ಕಡಲೆಗೆ ಯಾಕೆ ಆಗಬಾರದು? ಇಂಥ ದರಕ್ಕಿಂತ ಕೆಳಗೆ ಆಮದು ಬಂದರೆ ಸುಂಕ ಬೀಳುತ್ತದೆ, ಮೇಲಿದ್ದರೆ ಇಲ್ಲ ಎಂಬ 675 ಡಾಲರ್‌ನಂಥ ಗೆರೆ. ಬೆಂಬಲ ಬೆಲೆಯನ್ನೇ ಆ ಗೆರೆ ಮಾಡಿದರೆ ತಿನ್ನುವವರಿಗೂ ರಕ್ಷಣೆ, ಬೆಳೆಯುವವರಿಗೂ ರಕ್ಷಣೆ. ಈ ವರ್ಷ ಕಡಲೆಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹5,875.

ಆಗದಿರುವುದಕ್ಕೆ ಕಾರಣ ಕಾನೂನಿನಲ್ಲಿ ಇಲ್ಲ, ಸಂಘಟನೆಯಲ್ಲಿದೆ. ಉಕ್ಕಿನ ಕಂಪನಿಗಳು ಬೆರಳೆಣಿಕೆಯಷ್ಟು. ಅವುಗಳ ಬಳಿ ವಕೀಲರಿದ್ದಾರೆ, ತಿಂಗಳ ತಿಂಗಳ ಅಂಕಿಅಂಶ ಇದೆ, ದೂರು ಕೊಡಲು ಸಂಘ ಇದೆ. ಎರಡು ಎಕರೆ, ನಾಲ್ಕು ಎಕರೆಯ ಲಕ್ಷಾಂತರ ಕಡ್ಲಿ ರೈತರ ಪರವಾಗಿ ಅಂಥ ದೂರು ಬರೆಯುವವರು ಯಾರು?

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ₹11,440 ಕೋಟಿಯ ಬೇಳೆಕಾಳು ಆತ್ಮನಿರ್ಭರ ಮಿಷನ್ ಆರಂಭಿಸಿತು. ಗುರಿ, 2030–31ರ ಹೊತ್ತಿಗೆ ಉತ್ಪಾದನೆ 350 ಲಕ್ಷ ಟನ್. ಅದರಲ್ಲಿ ನೋಂದಾಯಿತ ರೈತರಿಂದ ನಾಲ್ಕು ವರ್ಷ ನೂರಕ್ಕೆ ನೂರು ಖರೀದಿಯ ಭರವಸೆ ಇರುವುದು ತೊಗರಿ, ಉದ್ದು, ಚೆನ್ನಂಗಿಗೆ. ಕಡಲೆ ಆ ಮೂರರಲ್ಲಿ ಇಲ್ಲ. ಕಡಲೆಗೆ ಹಳೇ ಬೆಂಬಲ ಬೆಲೆ ಯೋಜನೆಯೇ ಗತಿ. ಅದರಲ್ಲಿ ರಾಜ್ಯದ ಉತ್ಪಾದನೆಯ ಶೇ 25ರ ಮಿತಿ ಇದೆ. ಎಕರೆಗೆ ಇಷ್ಟು, ಒಬ್ಬ ರೈತನಿಗೆ ಇಷ್ಟು ಎಂಬ ಕಟ್ಟು ಬೇರೆ. ಮಿತಿ ದಾಟಿದ ಚೀಲ ಹೋಗುವುದು ದಲಾಲಿ ಅಂಗಡಿಗೇ.

ಕಲಘಟಗಿಯ ಚಿಂತೆ ಬೇರೆ

ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಕಡ್ಲಿಗಿಂತ ಗೋವಿನಜೋಳ, ಸೋಯಾ ಮುಖ್ಯ. ಫೆಬ್ರುವರಿಯ ಚೌಕಟ್ಟಿನಲ್ಲಿ ಅಮೆರಿಕದ ಸೋಯಾ ಎಣ್ಣೆ, ದನ–ಕೋಳಿ ಮೇವಿನ ಕೆಂಪು ಜೋಳ, ಗೋವಿನಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಮೇವಿನ ಹೆಸರುಗಳಿವೆ. ಗೋವಿನಜೋಳವೇ ನೇರ ಬರದಿದ್ದರೂ ಅದರ ಜಾಗಕ್ಕೆ ನಿಲ್ಲುವ ಮೇವು ಬಂದರೆ ಕೋಳಿ ಆಹಾರದ ಕಾರ್ಖಾನೆಗಳ ಖರೀದಿ ಕಡಿಮೆಯಾಗುವ ಸಾಧ್ಯತೆ ಇದೆ. 2025ರ ಸುಗ್ಗಿಯಲ್ಲಿ ₹2,400 ಬೆಂಬಲ ಬೆಲೆ ಇದ್ದರೂ ಗೋವಿನಜೋಳದ ಪೇಟೆ ದರ ಬಹಳ ಕೆಳಗೆ ಬಿದ್ದು, ಪಕ್ಕದ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದದ್ದು ಹಳೇ ಮಾತಲ್ಲ.

ಕಣ್ಣಿಡಬೇಕಾದ ನಾಲ್ಕು ಸಂಗತಿ

ಒಂದು, ಭಾರತ–ಅಮೆರಿಕ ಒಪ್ಪಂದದ ಅಂತಿಮ ಪಠ್ಯ. ಟಿಪ್ಪಣಿಯಿಂದ ತೆಗೆದ 'ಕೆಲವು ಬೇಳೆಕಾಳು' ಅಲ್ಲಿ ಮತ್ತೆ ಕಾಣುತ್ತದೆಯೇ, ಕಂಡರೆ ಯಾವ ಕಾಳು, ಎಷ್ಟು ಟನ್‌ವರೆಗೆ ಎಂಬುದು ಮುಖ್ಯ.

ಎರಡು, ಕಡಲೆ ಮತ್ತು ಹಳದಿ ಬಟಾಣಿಯ ಆಮದು ಸುಂಕ. ರಾಶಿ ಮುಗಿದು ಮಾಲು ಪೇಟೆಗೆ ಬರುವ ಮಾರ್ಚ್–ಏಪ್ರಿಲ್‌ನಲ್ಲಿ ಇದು ಇಳಿದರೆ ಪೆಟ್ಟು ನೇರ.

ಮೂರು, ಖರೀದಿ ಕೇಂದ್ರ. ಎಪಿಎಂಸಿಗಳಲ್ಲಿ ಕೇಂದ್ರ ಯಾವಾಗ ತೆರೆಯುತ್ತದೆ, ನೋಂದಣಿಗೆ ಎಷ್ಟು ದಿನ ಕೊಡುತ್ತಾರೆ ಎಂಬುದು. ಸಾಲ ಇದ್ದವರು ಕೇಂದ್ರ ತೆರೆಯುವ ತನಕ ಕಾಯುವುದಿಲ್ಲ, ಕಾಯಲು ಆಗುವುದೂ ಇಲ್ಲ.

ನಾಲ್ಕು, ಉಕ್ಕಿನ ರಕ್ಷಣಾ ಸುಂಕದ ಎರಡನೇ ವರ್ಷ. ಏಪ್ರಿಲ್ ಕೊನೆಗೆ ದರ ಶೇ 11.5ಕ್ಕೆ ಇಳಿಯಬೇಕು. ಮುಂಗಾರಿಗೆ ಮೊದಲು ಟ್ರೇಲರ್, ಕೂರಿಗೆ ಮಾಡಿಸುವವರು ಎರಡು ಮೂರು ಕಡೆ ದರ ಕೇಳಿ ಮುಂದುವರಿಯುವುದು ಒಳ್ಳೆಯದು.

ಲೆವಿ ಕಂಡ ನೆಲ

ಸರ್ಕಾರ ಹಾಕುವ ಕರದ ಅರ್ಥ ಈ ನೆಲಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಬೆಟರ್ಮೆಂಟ್ ಲೆವಿ ವಿರುದ್ಧ ಎದ್ದ ನವಲಗುಂದ, ನರಗುಂದದ ರೈತರು ಗೋಲಿಬಾರಿಗೆ ಜೀವ ತೆತ್ತರು. ಹೊಲಕ್ಕೆ ನೀರೇ ಸರಿಯಾಗಿ ಬಾರದಿದ್ದಾಗ ನೀರಿನಿಂದ ಹೊಲದ ಬೆಲೆ ಏರಿತು, ಕರ ಕಟ್ಟಿ ಎಂದದ್ದು ಅಂದಿನ ಸಿಟ್ಟಿಗೆ ಮೂಲ. ಆ ಕರದ ನೋಟಿಸು ಮನೆ ಬಾಗಿಲಿಗೆ ಬಂದಿತ್ತು, ಕಣ್ಣಿಗೆ ಕಾಣುತ್ತಿತ್ತು. ಇಂದಿನ ಸುಂಕಕ್ಕೆ ನೋಟಿಸಿಲ್ಲ. ಅದು ಟ್ರೇಲರ್ ತಗಡಿನ ದರದೊಳಗೆ, ಪೇಟೆಯ ಕಡ್ಲಿ ದರದೊಳಗೆ ಅಡಗಿ ಬರುತ್ತದೆ. ಯಾರಿಗೆ ಎಷ್ಟು ಕಟ್ಟಿದೆವು ಎಂಬ ರಸೀದಿಯೂ ಸಿಗುವುದಿಲ್ಲ.

ಉಕ್ಕಿಲ್ಲದೆ ದೇಶ ಕಾಯಲು ಆಗುವುದಿಲ್ಲ, ಖರೇ. ಗಡಿಯಲ್ಲಿ ನಿಂತವನ ಕೈಯಾಗ ಬಂದೂಕು ಇರಬೇಕು. ಅವನ ತಾಟಿನಾಗ ಬೇಳೆಯೂ ಇರಬೇಕು. ಬಂದೂಕಿನ ಉಕ್ಕಿಗೆ ಮೂರು ವರ್ಷದ ಮಾತು ಕೊಡಬಲ್ಲ ಸರ್ಕಾರ, ತಾಟಿನ ಬೇಳೆಗೆ ಕನಿಷ್ಠ ಒಂದು ಬಿತ್ತನೆಯಿಂದ ಒಂದು ರಾಶಿಯ ತನಕವಾದರೂ ಮಾತು ಕೊಟ್ಟು ಉಳಿಸಿಕೊಳ್ಳಲು ಆಗುವುದಿಲ್ಲವೇ? ಎರೆಹೊಲದಾಗ ಕಡ್ಲಿ ಗಿಡ ಕಿತ್ತು ಗುಂಪಿ ಹಾಕುತ್ತಿರುವ ಈ ವಾರ ಕೇಳಬೇಕಾದ ಪ್ರಶ್ನೆ ಇದು.